ಹಿತ್ತಾಳೆ ಮತ್ತು ಆಮೆಚಿಪ್ಪಿನ ಹಳೆಯ ಪೆಟ್ಟಿಗೆ: ಗುರುತಿಸುವುದು, ಕಾಪಾಡುವುದು, ದುರಸ್ತಿ ಮಾಡಿಸುವುದು

ಮುಚ್ಚಳದ ತುಂಬ ಕಡುಗೆಂಪು ನೆಲ, ಅದರ ಮೇಲೆ ಹಬ್ಬಿದ ಹಿತ್ತಾಳೆಯ ಬಳ್ಳಿ, ನಡುವೆ ಹೆಸರು ಬರೆಸಲೆಂದು ಬಿಟ್ಟ ಒಂದು ಪುಟ್ಟ ಫಲಕ. ಇಂಥ ಪೆಟ್ಟಿಗೆ ಕೈಗೆ ಬಂದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಹಿತ್ತಾಳೆಯನ್ನು ತಿಕ್ಕಿ ಬೆಳಗುವುದು. ನೂರೈವತ್ತು ವರ್ಷ ಉಳಿದುಕೊಂಡು ಬಂದ ವಸ್ತುವಿಗೆ ಒಂದು ಮಧ್ಯಾಹ್ನದಲ್ಲಿ ಸರಿಪಡಿಸಲಾಗದ ಹಾನಿಯಾಗುವುದು ಹೀಗೆಯೇ. ಆದ್ದರಿಂದ ಈ ಬರಹದಲ್ಲಿ ನೋಡುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಮುಟ್ಟುವ ಕೆಲಸಕ್ಕೆ ಕಡಿಮೆ.

ವಿದೇಶದಲ್ಲಿದ್ದು ಹರಾಜಿನಲ್ಲಿ ಇಂಥದ್ದೊಂದನ್ನು ಕೊಳ್ಳಲು ಹೊರಟವರಿಗೆ, ಹಿರಿಯರಿಂದ ಬಂದದ್ದನ್ನು ಬೀರುವಿನಲ್ಲಿ ಇಟ್ಟುಕೊಂಡವರಿಗೆ, ಸುಮ್ಮನೆ ಕುತೂಹಲ ಇರುವವರಿಗೆ ಇದು ಉಪಯೋಗವಾದೀತು. ಬೇಕಾದ ಸಲಕರಣೆ ಹೆಚ್ಚಿಲ್ಲ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಒಂದು ಟಾರ್ಚ್, ಮೇಕೆ ಕೂದಲಿನ ಮೃದುವಾದ ಕುಂಚ, ಪೆನ್ಸಿಲ್, ಕಾಗದ, ಮೊಬೈಲಿನ ಕ್ಯಾಮೆರಾ.

ಮೊದಲು, ಇದನ್ನು ಮಾಡಿದ ಬಗೆ

ಪೆಟ್ಟಿಗೆ ಹೇಗೆ ಹುಟ್ಟಿತು ಎಂಬುದು ಗೊತ್ತಿಲ್ಲದೆ ಅದು ಹೇಗೆ ಕೆಡುತ್ತದೆ ಎಂಬುದು ತಿಳಿಯುವುದಿಲ್ಲ. ಈ ಕುಸುರಿಗೆ ಬೂಲ್ ಕೆಲಸ ಎಂದು ಹೆಸರು. ಫ್ರಾನ್ಸಿನ 14ನೆಯ ಲೂಯಿಯ ಆಸ್ಥಾನದ ಬಡಗಿ ಆಂದ್ರೆ ಶಾರ್ಲ್ ಬೂಲ್ (1642–1732) ಇದನ್ನು ಎಷ್ಟು ಎತ್ತರಕ್ಕೆ ಒಯ್ದನೆಂದರೆ, ಅವನಿಗಿಂತ ಮುಂಚೆಯೇ ಬಳಕೆಯಲ್ಲಿದ್ದ ತಂತ್ರಕ್ಕೆ ಅವನ ಹೆಸರೇ ಅಂಟಿಕೊಂಡಿತು. 1672ರಲ್ಲಿ ಅವನಿಗೆ ರಾಜನ ಬಡಗಿ ಎಂಬ ಪದವಿಯೂ ಲೂವ್ರ್ ಅರಮನೆಯಲ್ಲಿ ವಾಸ ಮತ್ತು ಕಾರ್ಯಾಗಾರಕ್ಕೆ ಜಾಗವೂ ಸಿಕ್ಕವು. 1720ರ ಬೆಂಕಿಯಲ್ಲಿ ಆ ಕಾರ್ಯಾಗಾರ ಸುಟ್ಟುಹೋಯಿತು. ಅವನ ಕೈಯ ಕೆಲಸಗಳು ಇಂದು ವರ್ಸಾಯ್, ಲೂವ್ರ್, ಲಂಡನ್ನಿನ ವಾಲೆಸ್ ಕಲೆಕ್ಷನ್ ಮುಂತಾದ ಕಡೆ ಇವೆ. ವಾಲೆಸ್ ಕಲೆಕ್ಷನ್ನಿಗೆ ಪ್ರವೇಶ ಶುಲ್ಕವಿಲ್ಲ. ಲಂಡನ್ನಿನಲ್ಲಿರುವವರು ಪೆಟ್ಟಿಗೆ ಕೊಳ್ಳುವ ಮೊದಲು ಅಲ್ಲೊಮ್ಮೆ ಸಾವಕಾಶವಾಗಿ ನಿಂತು ನೋಡಿಬರಲಿ. ಉತ್ತಮ ಕೆಲಸ ಕಣ್ಣಿಗೆ ಅಭ್ಯಾಸವಾಗದೆ ಸಾಧಾರಣ ಕೆಲಸ ಬೇರೆಯಾಗಿ ಕಾಣುವುದಿಲ್ಲ.

ತಂತ್ರ ಹೀಗಿದೆ. ತೆಳುವಾದ ಹಿತ್ತಾಳೆ ತಗಡು ಮತ್ತು ಅಷ್ಟೇ ತೆಳುವಾದ ಆಮೆಚಿಪ್ಪಿನ ಹಾಳೆಯನ್ನು ಒಂದರ ಮೇಲೊಂದು ಇಟ್ಟು, ನಡುವೆ ಕಾಗದ ಸೇರಿಸಿ ಅಂಟಿಸುತ್ತಾರೆ. ಮೇಲೆ ವಿನ್ಯಾಸದ ಚಿತ್ರ ಅಂಟಿಸಿ, ಅತಿ ಸಣ್ಣ ಬ್ಲೇಡಿನ ಗರಗಸದಿಂದ ಇಡೀ ಕಟ್ಟನ್ನು ಒಟ್ಟಿಗೆ ಕೊಯ್ಯುತ್ತಾರೆ. ಬಿಡಿಸಿದಾಗ ಎರಡು ಜೋಡಿ ಸಿಗುತ್ತದೆ: ಚಿಪ್ಪಿನ ನೆಲದಲ್ಲಿ ಹಿತ್ತಾಳೆಯ ಬಳ್ಳಿ, ಹಿತ್ತಾಳೆಯ ನೆಲದಲ್ಲಿ ಚಿಪ್ಪಿನ ಬಳ್ಳಿ. ಮೊದಲನೆಯದನ್ನು ಪ್ರೆಮಿಯೇರ್ ಪಾರ್ತಿ ಎಂದೂ ಎರಡನೆಯದನ್ನು ಕಾಂತ್ರ್ ಪಾರ್ತಿ ಎಂದೂ ಕರೆಯುತ್ತಾರೆ. ಒಂದೇ ಕೊಯ್ತದಿಂದ ಎರಡು ಮುಚ್ಚಳ ಹುಟ್ಟುವುದರಿಂದ ವಸ್ತುವೂ ವ್ಯರ್ಥವಾಗುವುದಿಲ್ಲ, ಶ್ರಮವೂ ವ್ಯರ್ಥವಾಗುವುದಿಲ್ಲ.

ಹೀಗೆ ಹೊಂದಿಸಿದ ಹಾಳೆಯನ್ನು ಓಕ್ ಅಥವಾ ಪೈನ್ ಮರದ ಪೆಟ್ಟಿಗೆಯ ಮೇಲೆ ಪ್ರಾಣಿಗಳ ಚರ್ಮ, ಮೂಳೆ ಅಥವಾ ಮೀನಿನಿಂದ ತೆಗೆದ ಅಂಟಿನಿಂದ ಕೂರಿಸುತ್ತಾರೆ. ನಮ್ಮ ಬಡಗಿಗಳು ಮರವಜ್ರ ಎನ್ನುವುದು ಇದೇ ಜಾತಿಯ ಅಂಟನ್ನು. ಲೋಹಕ್ಕೆ ಅಂಟು ಸುಲಭವಾಗಿ ಹಿಡಿಯುವುದಿಲ್ಲ. ಅದಕ್ಕೆ ಹಳೆಯ ಕೆಲಸಗಾರರು ಹಿತ್ತಾಳೆಯ ಬೆನ್ನನ್ನು ಒರಟು ಮಾಡಿ ಬೆಳ್ಳುಳ್ಳಿ ತಿಕ್ಕುತ್ತಿದ್ದರು. ಗರಗಸ ಹೋದ ದಾರಿಯ ಸಣ್ಣ ಬಿರುಕಿಗೆ ಕಪ್ಪು ಬೆರೆಸಿದ ಅಂಟು ತುಂಬುತ್ತಿದ್ದರು. ಕೊನೆಗೆ ಹಿತ್ತಾಳೆಯ ಮೇಲೆ ಉಳಿಯಿಂದ ಎಲೆಯ ನರ, ಹೂವಿನ ಎಸಳು, ಮುಖದ ಗೆರೆಗಳನ್ನು ಕೊರೆದು, ಆ ಗೆರೆಗಳಲ್ಲಿ ಮಸಿ ತುಂಬುತ್ತಿದ್ದರು. ತಗಡಿನ ಎಲೆಗೆ ಜೀವ ಬರುವುದು ಈ ಗೆರೆಗಳಿಂದ. ತಿಕ್ಕಿದಾಗ ಮೊದಲು ಅಳಿಸುವುದೂ ಇವೇ.

ಮೈಸೂರಿನ ಬೀಟೆ ಮರದ ಇನ್ಲೇ ಕೆಲಸ ನೋಡಿದವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಮೈಸೂರಿನಲ್ಲಿ ಗಟ್ಟಿ ಹಲಗೆಯಲ್ಲಿ ಗುಣಿ ತೋಡಿ ತುಂಡನ್ನು ಕೂರಿಸುತ್ತಾರೆ, ಸುತ್ತಲಿನ ಮರವೇ ಅದನ್ನು ಹಿಡಿದುಕೊಳ್ಳುತ್ತದೆ. ಬೂಲ್ ಪೆಟ್ಟಿಗೆಯಲ್ಲಿ ಅಂಥ ಗುಣಿಯಿಲ್ಲ. ಮರದ ಮೇಲೆ ಅಂಟಿನ ಪದರ, ಅದರ ಮೇಲೆ ಲೋಹ ಮತ್ತು ಚಿಪ್ಪು, ಅಷ್ಟೇ. ಹಿಡಿತವೆಲ್ಲ ಅಂಟಿನದು. ಅಂಟು ಸೋತಲ್ಲಿ ಕೆಲಸ ಸೋಲುತ್ತದೆ.

ವಿಶಾಖಪಟ್ಟಣದಲ್ಲಿ 18–19ನೆಯ ಶತಮಾನದಲ್ಲಿ ಬ್ರಿಟಿಷರಿಗಾಗಿ ಮಾಡಿದ ಪೆಟ್ಟಿಗೆಗಳಲ್ಲೂ ಹಲವು ಆಮೆಚಿಪ್ಪಿನವೇ, ಆದರೆ ಅವುಗಳಲ್ಲಿ ಚಿಪ್ಪಿನ ಜೊತೆಗಾರ ಹಿತ್ತಾಳೆಯಲ್ಲ, ದಂತ. ಭಾರತದಲ್ಲಿ ಸಿಕ್ಕ ಹಳೆಯ ಚಿಪ್ಪಿನ ಪೆಟ್ಟಿಗೆಯನ್ನೆಲ್ಲ ಬೂಲ್ ಎಂದು ಕರೆಯಬೇಡಿ.

ಹೆಜ್ಜೆ 1: ಓರೆ ಬೆಳಕಿನಲ್ಲಿ ನೋಡಿ

ಮೇಜಿನ ಮೇಲೆ ದಪ್ಪ ಹತ್ತಿಯ ಬಟ್ಟೆ ಹಾಸಿ. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಪೆಟ್ಟಿಗೆಯನ್ನು ಮುಚ್ಚಳ ಹಿಡಿದು ಎತ್ತಬಾರದು. ಎರಡೂ ಅಂಗೈಗಳನ್ನು ತಳದಡಿ ಕೊಟ್ಟು ಎತ್ತಿ. ನೂಲಿನ ಕೈಗವಸು ಬೇಡ, ಎದ್ದ ಹಿತ್ತಾಳೆಯ ತುದಿಗೆ ಅದರ ಎಳೆ ಸಿಕ್ಕಿಕೊಳ್ಳುತ್ತದೆ. ತೊಳೆದು ಒಣಗಿಸಿದ ಬರಿಗೈ ಸಾಕು, ಅಥವಾ ನೈಟ್ರೈಲ್ ಗವಸು.

ಕೋಣೆಯ ದೀಪ ಆರಿಸಿ, ಟಾರ್ಚನ್ನು ಮುಚ್ಚಳದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಹಾಯಿಸಿ. ನೇರ ಬೆಳಕಿನಲ್ಲಿ ನುಣುಪಾಗಿ ಕಂಡ ಮೇಲ್ಮೈ ಈಗ ಬೇರೆಯೇ ಆಗಿ ಕಾಣುತ್ತದೆ. ಬಳ್ಳಿಯ ಸುರುಳಿ ತುದಿಯೊಂದು ಎದ್ದು ಉದ್ದನೆಯ ನೆರಳು ಚೆಲ್ಲಿರುತ್ತದೆ. ಅದರ ಪಕ್ಕದ ಚಿಪ್ಪಿನಲ್ಲಿ ಕೂದಲೆಳೆಯ ಬಿರುಕು. ಮುಚ್ಚಳದ ಮೂಲೆಯಲ್ಲಿ ಅಂಚುಪಟ್ಟಿ ಉಬ್ಬಿ ಕಮಾನಿನಂತೆ ನಿಂತಿರುತ್ತದೆ. ಮೂಲೆಗಳನ್ನೂ ಬೀಗದ ಸುತ್ತಲನ್ನೂ ಹಿಂಬದಿಯ ಕೀಲುಗಳ ಅಂಚನ್ನೂ ವಿಶೇಷವಾಗಿ ನೋಡಿ, ಹಿತ್ತಾಳೆ ಏಳುವುದು ಸಾಮಾನ್ಯವಾಗಿ ಅಲ್ಲಿಂದಲೇ. ಟಾರ್ಚನ್ನು ನಾಲ್ಕೂ ದಿಕ್ಕಿನಿಂದ ಹಿಡಿದು ನಾಲ್ಕು ಸಲ ನೋಡಬೇಕು. ಒಂದು ಕಡೆಯ ಬೆಳಕಿಗೆ ಕಾಣದ ಉಬ್ಬು ಇನ್ನೊಂದು ಕಡೆಯ ಬೆಳಕಿಗೆ ಕಾಣುತ್ತದೆ.

ಪ್ರತಿ ಮುಖದ ಎರಡೆರಡು ಫೋಟೋ ತೆಗೆಯಿರಿ, ಒಂದು ನೇರ ಬೆಳಕಿನಲ್ಲಿ, ಒಂದು ಓರೆ ಬೆಳಕಿನಲ್ಲಿ. ಮುದ್ರಿಸಿದ ಪ್ರತಿಯ ಮೇಲೆ ಎದ್ದ ಜಾಗ, ಬಿರುಕು, ಕಳೆದ ತುಂಡು, ಹಳೆಯ ತೇಪೆ ಇವನ್ನೆಲ್ಲ ಪೆನ್ಸಿಲ್‌ನಲ್ಲಿ ಗುರುತಿಸಿ ತಾರೀಕು ಹಾಕಿ. ಮುಂದಿನ ವರ್ಷ ಅದೇ ಪಟವನ್ನು ಪಕ್ಕದಲ್ಲಿಟ್ಟು ನೋಡಿದಾಗ ಹಾನಿ ನಿಂತಿದೆಯೋ ಮುಂದುವರಿದಿದೆಯೋ ಸ್ಪಷ್ಟವಾಗುತ್ತದೆ. ಪೆಟ್ಟಿಗೆಯ ಮೇಲೆಯೇ ಬೆಣ್ಣೆಕಾಗದ ಇಟ್ಟು ಗೆರೆ ಎಳೆಯುವುದು ಮಾತ್ರ ಬೇಡ.

ಹೆಜ್ಜೆ 2: ಚಿಪ್ಪು ನಿಜವೇ?

ಇಲ್ಲಿ ಬಳಕೆಯಾದದ್ದು ಹಾಕ್ಸ್‌ಬಿಲ್ ಕಡಲಾಮೆಯ ಬೆನ್ನಿನ ಪದರಗಳು. ಹೊನ್ನಾವರದ ಕಡೆಯ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಬೇರೆ ಜಾತಿ. ಹಾಕ್ಸ್‌ಬಿಲ್‌ನ ಬೆನ್ನಿನ ಮೇಲೆ, ಅಂಚಿನ ತುಣುಕುಗಳನ್ನು ಬಿಟ್ಟರೆ, 13 ದೊಡ್ಡ ಫಲಕಗಳಿರುತ್ತವೆ. ಇವು ನಮ್ಮ ಉಗುರು, ಕೊಂಬುಗಳಂತೆ ಕೆರಾಟಿನ್‌ನಿಂದ ಆದವು. ಬಿಸಿ ಉಪ್ಪುನೀರಿನಲ್ಲಿ ಮೆತ್ತಗಾಗುತ್ತವೆ, ಒತ್ತಿದರೆ ಚಪ್ಪಟೆಯಾಗುತ್ತವೆ, ಬಿಸಿಯಲ್ಲಿ ಒತ್ತಿ ಹಿಡಿದರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಂದೊಂದು ಫಲಕವೂ ಚಿಕ್ಕದಾದ್ದರಿಂದ ದೊಡ್ಡ ಮುಚ್ಚಳದಲ್ಲಿ ಚಿಪ್ಪಿನ ಕೂಡುಗೆರೆ ಕಾಣಬೇಕು. ಅದು ದೋಷವಲ್ಲ, ಸಾಚಾತನದ ಒಂದು ಗುರುತು.

ಕೈಮಸೂರ ಹಿಡಿದು ಕಂದು ಮಚ್ಚೆಯ ಅಂಚನ್ನು ನೋಡಿ. ನಿಜವಾದ ಚಿಪ್ಪಿನಲ್ಲಿ ಮಚ್ಚೆಯೆಂದರೆ ಸಾವಿರಾರು ಸೂಕ್ಷ್ಮ ಬಣ್ಣದ ಚುಕ್ಕೆಗಳ ಗುಂಪು. ನಡುವೆ ದಟ್ಟವಾಗಿದ್ದು, ಅಂಚಿಗೆ ಬಂದಂತೆ ವಿರಳವಾಗುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ ಮುಂತಾದ ನಕಲಿಯಲ್ಲಿ ಚುಕ್ಕೆಗಳಿರುವುದಿಲ್ಲ. ಹಾಲಿಗೆ ಡಿಕಾಕ್ಷನ್ ಸುರಿದಾಗ ಕಾಣುವಂಥ ಸುಳಿಗಳು, ಗೆರೆ ಕೊಯ್ದಂತೆ ಬೇರೆಯಾದ ಬಣ್ಣಗಳು ಕಾಣುತ್ತವೆ. ಈ ಒಂದು ಪರೀಕ್ಷೆ ಅಭ್ಯಾಸವಾದರೆ ಬೇರೆ ಪರೀಕ್ಷೆಗಳು ಅಪರೂಪಕ್ಕೆ ಬೇಕಾಗುತ್ತವೆ.

ಕಾದ ಸೂಜಿಯಿಂದ ಚುಚ್ಚಿ ವಾಸನೆ ನೋಡಿ ಎಂದು ಹೇಳುವವರಿದ್ದಾರೆ. ಚಿಪ್ಪಾದರೆ ಕೂದಲು ಸುಟ್ಟ ವಾಸನೆ, ಸೆಲ್ಯುಲಾಯ್ಡ್ ಆದರೆ ಕರ್ಪೂರದ ವಾಸನೆ ಬರುವುದು ನಿಜ. ಆದರೂ ಈ ಕೆಲಸ ಮಾಡಲೇಬೇಡಿ. ಚಿಪ್ಪಾದರೆ ಮಾಯದ ಗಾಯ ಉಳಿಯುತ್ತದೆ, ಸೆಲ್ಯುಲಾಯ್ಡ್ ಆದರೆ ಭಗ್ಗೆಂದು ಹೊತ್ತಿಕೊಳ್ಳಬಹುದು.

ಕೆಂಪು ಬಣ್ಣ ಚಿಪ್ಪಿನದಲ್ಲ ಎಂಬುದನ್ನೂ ತಿಳಿದಿರಬೇಕು. ಚಿಪ್ಪು ಜೇನಿನ ಬಣ್ಣದ ಅರೆಪಾರದರ್ಶಕ ಹಾಳೆ. ಅದರ ಬೆನ್ನಿಗೆ ಇಂಗಳೀಕದಂಥ ಕೆಂಪನ್ನೋ ಕಪ್ಪನ್ನೋ ಹಚ್ಚಿ, ಅಥವಾ ಬಣ್ಣದ ಕಾಗದ ಅಂಟಿಸಿ ಕೂರಿಸುತ್ತಿದ್ದರು. ಮುಚ್ಚಳದಲ್ಲಿ ಅಲ್ಲಲ್ಲಿ ಕೆಂಪು ಮಾಸಿ ಮಸುಕು ಕಲೆ ಕಂಡರೆ ಬಹುಶಃ ಅಲ್ಲಿ ಚಿಪ್ಪು ಮರದಿಂದ ಬಿಟ್ಟುಕೊಂಡು ಒಳಗೆ ಗಾಳಿ ಸೇರಿದೆ. ಹೊರಗೆ ಏನೂ ಎದ್ದಿರದಿದ್ದರೂ ಅದನ್ನು ನಿಮ್ಮ ಪಟದಲ್ಲಿ ಗುರುತಿಸಿ.

ಹೆಜ್ಜೆ 3: ಕಾಲ ಅಂದಾಜಿಸಿ

ಇಂದು ಮಾರುಕಟ್ಟೆಯಲ್ಲಿ ಸಿಗುವ ಬೂಲ್ ಪೆಟ್ಟಿಗೆಗಳಲ್ಲಿ ಬಹುಪಾಲು ಬೂಲ್‌ನ ಕಾಲದವಲ್ಲ, 19ನೆಯ ಶತಮಾನದವು. ಅದರಲ್ಲೂ 3ನೆಯ ನೆಪೋಲಿಯನ್ ಚಕ್ರವರ್ತಿಯಾಗಿದ್ದ 1852ರಿಂದ 1870ರವರೆಗಿನ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಈ ಶೈಲಿಗೆ ಮತ್ತೆ ಹುಚ್ಚು ಬೇಡಿಕೆ ಬಂತು. ಕೈಗವಸಿನ ಪೆಟ್ಟಿಗೆ, ಒಡವೆ ಪೆಟ್ಟಿಗೆ, ಚಹಾ ಪೆಟ್ಟಿಗೆ, ಇಸ್ಪೀಟಿನ ಪೆಟ್ಟಿಗೆ, ಸೀಸೆ ಮತ್ತು ಪುಟ್ಟ ಲೋಟಗಳನ್ನು ಜೋಡಿಸಿಟ್ಟ ಮದ್ಯದ ಪೆಟ್ಟಿಗೆ ಹೀಗೆ ಬಗೆಬಗೆಯವು ತಯಾರಾದವು. ಇಂಗ್ಲೆಂಡಿನಲ್ಲಿ ಅಷ್ಟರೊಳಗೆ, 19ನೆಯ ಶತಮಾನದ ಆರಂಭದಲ್ಲೇ ಇದು ಜನಪ್ರಿಯವಾಗಿತ್ತು.

ಬೀಗದ ಫಲಕ ನೋಡಿ. ಮುಚ್ಚಳ ತೆರೆದಾಗ ಕಾಣುವ ಹಿತ್ತಾಳೆಯ ಪಟ್ಟಿಯ ಮೇಲೆ ಕೆಲವು ತಯಾರಕರು ಹೆಸರು ಕೊರೆಸುತ್ತಿದ್ದರು. ಪ್ಯಾರಿಸ್ಸಿನ ತಾಹಾನ್ ಮನೆತನದ ಹೆಸರು ಹಾಗೆ ಸಿಗುವುದುಂಟು, ಅವರು ಆ ಚಕ್ರವರ್ತಿಗೇ ಸರಕು ಒದಗಿಸುತ್ತಿದ್ದವರು. ಹೆಸರಿದ್ದರೆ ಬೆಲೆ ಏರುತ್ತದೆ. ಹಾಗಾಗಿ ಹೆಸರಿನ ಸುತ್ತಲಿನ ಹಿತ್ತಾಳೆಗೂ ಉಳಿದ ಹಿತ್ತಾಳೆಗೂ ಒಂದೇ ವಯಸ್ಸಿನ ಸವೆತ ಇದೆಯೇ ಎಂದು ನೋಡುವುದನ್ನು ಮರೆಯಬೇಡಿ.

ಕೀಲಿನ ಒಂದು ತಿರುಪುಮೊಳೆ ಈಗಾಗಲೇ ಸಡಿಲವಾಗಿ ಕೈಗೆ ಬರುವಂತಿದ್ದರೆ ಅದರ ತುದಿ ನೋಡಿ. ಹಳೆಯವುಗಳ ತುದಿ ಮೊಂಡು. ಚೂಪು ತುದಿಯ ಯಂತ್ರದ ತಿರುಪುಮೊಳೆ ಬಳಕೆಗೆ ಬಂದದ್ದು 19ನೆಯ ಶತಮಾನದ ನಡುವಿನಲ್ಲಿ. ನೋಡುವ ಆಸೆಗೆ ಬಿಗಿಯಾಗಿ ಕೂತ ತಿರುಪುಮೊಳೆಯನ್ನು ಬಿಚ್ಚಬೇಡಿ. ಒಂದೇ ಗುರುತಿನ ಮೇಲೆ ಕಾಲ ನಿರ್ಧರಿಸುವುದೂ ಬೇಡ, ಬೀಗ ಕೀಲುಗಳನ್ನು ನಡುವೆ ಬದಲಿಸಿದ್ದಿರಬಹುದು.

ಇವೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಕೊರೆದ ಗೆರೆಯನ್ನು. ಎಲೆಯೊಂದರ ಮೇಲೆ ಕೈಮಸೂರ ಹಿಡಿಯಿರಿ. ಕೈಯಿಂದ ಕೊರೆದ ಗೆರೆ ಸಣ್ಣಗೆ ಶುರುವಾಗಿ, ತಿರುವಿನಲ್ಲಿ ದಪ್ಪವಾಗಿ, ಮತ್ತೆ ಸಣ್ಣಗಾಗಿ ಮುಗಿಯುತ್ತದೆ. ಅಗ್ಗದ ತಯಾರಿಕೆಯಲ್ಲಿ ಗೆರೆಯೇ ಇರುವುದಿಲ್ಲ, ಬರಿ ತಗಡು. ಇನ್ನು ಕೆಲವು ಪೆಟ್ಟಿಗೆಗಳಲ್ಲಿ ಮುಚ್ಚಳದ ಅಂಚಿನ ಎಲೆಗಳಿಗೆ ನರಗಳಿರುತ್ತವೆ, ನಡುವಿನವು ಬೋಳಾಗಿರುತ್ತವೆ. ಕೆತ್ತಿದವರು ನಡುವೆ ಬಿಟ್ಟರೆಂದಲ್ಲ, ನೂರಾರು ಸಲ ತಿಕ್ಕಿದ ಕೈಗಳು ಅಲ್ಲಿಯದನ್ನು ಅಳಿಸಿವೆ. ಕೊಳ್ಳುವವರು ಇದಕ್ಕೆ ಬೆಲೆಯಲ್ಲಿ ಕಡಿತ ಕೇಳುವುದು ನ್ಯಾಯವೇ.

ಹೆಜ್ಜೆ 4: ಕಾನೂನಿನ ದಾರಿ, ಕೊಳ್ಳುವ ಮೊದಲು

1844ರಿಂದ 1992ರವರೆಗೆ ಚಿಪ್ಪಿನ ವ್ಯಾಪಾರಕ್ಕಾಗಿ ಸುಮಾರು 90 ಲಕ್ಷ ಹಾಕ್ಸ್‌ಬಿಲ್ ಆಮೆಗಳು ಬಲಿಯಾದವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಈಗ ಅದು ಅಳಿವಿನ ಅಂಚಿನಲ್ಲಿರುವ ಜೀವಿ. ಈ ಪೆಟ್ಟಿಗೆಗಳನ್ನು ಪ್ರೀತಿಸುವವರು ಈ ಸಂಗತಿಯನ್ನು ಬದಿಗಿಟ್ಟು ಪ್ರೀತಿಸಲು ಬರುವುದಿಲ್ಲ. ಹಳೆಯದನ್ನು ಉಳಿಸಬೇಕು, ಹೊಸ ಚಿಪ್ಪಿಗೆ ಒಂದು ರೂಪಾಯಿಯ ಬೇಡಿಕೆಯನ್ನೂ ಹುಟ್ಟಿಸಬಾರದು.

ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿ ಹಾಕ್ಸ್‌ಬಿಲ್ ಇದೆ, ಎಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಅದು ಮೊದಲ ಅನುಸೂಚಿಯಲ್ಲಿದೆ. ಆದ್ದರಿಂದ ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಕೊಂಡ ಪೆಟ್ಟಿಗೆಯನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಬರುವ ಯೋಚನೆ ಬೇಡವೇ ಬೇಡ. ಪುರಾತನ ವಸ್ತು ಎಂಬ ಒಂದೇ ಮಾತು ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ.

ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ಒಳಗೆ, 1947ಕ್ಕೆ ಮುಂಚೆಯೇ ಕುಶಲವಸ್ತುವಾಗಿ ತಯಾರಾದದ್ದಕ್ಕೆ ಮಾರಾಟದಲ್ಲಿ ರಿಯಾಯಿತಿ ಇದೆ. ಅದನ್ನು ಸಾಬೀತು ಮಾಡುವ ಹೊಣೆ ಮಾರುವವರದು. ಹಾಗಾಗಿ ರಸೀದಿಯಲ್ಲಿ ಕಾಲ, ವಸ್ತು, ಆಮೆಚಿಪ್ಪು ಎಂಬ ಉಲ್ಲೇಖ ಮೂರೂ ಇರಲಿ. ಅಮೆರಿಕದ ಕಾನೂನಿನಲ್ಲಿ ನೂರು ವರ್ಷ ದಾಟಿದ ವಸ್ತುವಿಗೆ ವಿನಾಯಿತಿ ಸಿಗಬೇಕಾದರೆ, 1973ರ ಡಿಸೆಂಬರ್ ಕೊನೆಯ ನಂತರ ಅದನ್ನು ಸಂರಕ್ಷಿತ ಜೀವಿಯ ವಸ್ತುವಿನಿಂದ ದುರಸ್ತಿ ಮಾಡಿರಬಾರದು. ನಿಜವಾದ ಚಿಪ್ಪನ್ನೇ ಹಾಕಿಸಿದ ದುರಸ್ತಿ ಅಲ್ಲಿ ಪೆಟ್ಟಿಗೆಯ ಬೆಲೆಯನ್ನೇ ಕಳೆಯಬಹುದು. ಕೆಲವು ಪೆಟ್ಟಿಗೆಗಳಲ್ಲಿ ದಂತದ ತುಣುಕುಗಳೂ ಇರುತ್ತವೆ, ಅವುಗಳ ನಿಯಮ ಬೇರೆ, ಇನ್ನೂ ಬಿಗಿ.

ಭಾರತದಲ್ಲೇ ಮನೆತನದಿಂದ ಬಂದ ಪೆಟ್ಟಿಗೆ ಇದ್ದರೆ ಅದನ್ನು ಮಾರುವ ಮಾತು ಎತ್ತುವ ಮೊದಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಯಲ್ಲಿ ವಿಚಾರಿಸಿ, ವಕೀಲರೊಬ್ಬರ ಸಲಹೆಯನ್ನೂ ಪಡೆಯಿರಿ. ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದನ್ನು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ತಡೆಯುತ್ತದೆ ಎಂಬುದೂ ನೆನಪಿರಲಿ.

ಹೆಜ್ಜೆ 5: ಸರಿಯಾದ ಜಾಗ ಕೊಡಿ

ನೀವು ಮನೆಯಲ್ಲೇ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು. ಪೆಟ್ಟಿಗೆಯ ಮರ, ಲೋಹ, ಚಿಪ್ಪು ಮೂರೂ ಹವೆಗೆ ಬೇರೆಬೇರೆಯಾಗಿ ವರ್ತಿಸುತ್ತವೆ. 20 ಸೆಂಟಿಮೀಟರ್ ಅಗಲದ ಓಕ್ ಹಲಗೆ ತೇವದ ಕಾಲದಿಂದ ಒಣ ಕಾಲಕ್ಕೆ ಬಂದಾಗ ಅಡ್ಡಗಲದಲ್ಲಿ ಒಂದು ಮಿಲಿಮೀಟರ್‌ಗೂ ಹೆಚ್ಚು ಕುಗ್ಗಬಲ್ಲದು. ಅಷ್ಟೇ ಅಗಲದ ಹಿತ್ತಾಳೆಗೆ ತೇವದ ಪರಿವೆಯೇ ಇಲ್ಲ. ಉಷ್ಣತೆ 10 ಡಿಗ್ರಿ ಬದಲಾದರೂ ಅದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೂ ಕದಲುವುದಿಲ್ಲ. ಕೆಳಗಿನ ಮರ ಕುಗ್ಗಿತು, ಮೇಲಿನ ತಗಡು ಕುಗ್ಗಲಿಲ್ಲ. ಹೆಚ್ಚಾದ ಉದ್ದ ಎಲ್ಲಿಗೆ ಹೋಗಬೇಕು? ಮೇಲಕ್ಕೆ. ಹಿತ್ತಾಳೆ ಕಮಾನಾಗಿ ಏಳುವುದು ಇದಕ್ಕೇ. ತೇವ ಹೆಚ್ಚಾದರೆ ಅಂಟು ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ, ತೇವ ಇಳಿದರೆ ತಗಡು ಏಳುತ್ತದೆ. ಹೀಗೆ ಏರಿಳಿತವೇ ನಿಜವಾದ ಶತ್ರು.

ಸಾಪೇಕ್ಷ ಆರ್ದ್ರತೆ ಶೇ. 45ರಿಂದ 55ರ ನಡುವೆ ಇದ್ದರೆ ಉತ್ತಮ. ನಮ್ಮಲ್ಲಿ ಅದನ್ನು ವರ್ಷವಿಡೀ ಕಾಯುವುದು ಕಷ್ಟ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನಗಳಲ್ಲಿ ಗಾಳಿ ತೀರ ಒಣಗುತ್ತದೆ, ಮಂಗಳೂರಿನ ಮಳೆಗಾಲದಲ್ಲಿ ತೇವ ಶೇ. 85 ದಾಟುತ್ತದೆ. ಆದ್ದರಿಂದ ಆರ್ದ್ರತೆ ತೋರಿಸುವ ಚಿಕ್ಕ ಡಿಜಿಟಲ್ ಮಾಪಕ ಕೊಂಡು ಬೀರುವಿನೊಳಗೆ ಇಡಿ, ವಾರಕ್ಕೊಮ್ಮೆ ಬರೆದಿಡಿ. ಬಿಗಿಯಾಗಿ ಮುಚ್ಚುವ ಗಾಜಿನ ಬೀರು, ಮನೆಯ ಒಳಗೋಡೆಯ ಪಕ್ಕ, ಹೊರಗಿನ ಏರಿಳಿತವನ್ನು ಬಹುಮಟ್ಟಿಗೆ ತಡೆಯುತ್ತದೆ. ಹೊರಗೋಡೆ, ಕಿಟಕಿ, ಅಡುಗೆಮನೆಯ ಪಕ್ಕ, ಏಸಿಯ ನೇರ ಗಾಳಿ, ಹಗಲಿಡೀ ಉರಿಯುವ ದೀಪದ ಕೆಳಗೆ, ಇವು ಯಾವುವೂ ಬೇಡ. ಚಳಿಯ ದೇಶಗಳಲ್ಲಿ ಇರುವವರು ಹೀಟರಿನಿಂದ ದೂರ ಇಡಬೇಕು, ಚಳಿಗಾಲದ ಮನೆಯೊಳಗಿನ ಗಾಳಿ ಬಹಳ ಒಣ.

ಬಿಸಿಲು ಚಿಪ್ಪಿಗೆ ವಿಷ. ಬೆಳಕು ತಾಗಿ ತಾಗಿ ಅದರ ಮೇಲ್ಮೈ ಬಿಳಿಚಿಕೊಂಡು ಪದರ ಏಳುತ್ತದೆ, ಹಾಗಾದದ್ದು ಮತ್ತೆ ಮೊದಲಿನಂತಾಗದು. ವಸ್ತುಸಂಗ್ರಹಾಲಯಗಳು ಇಂಥ ವಸ್ತುಗಳಿಗೆ 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಕೊಡುವುದು ಈ ಕಾರಣಕ್ಕೆ.

ಹುಳುಗಳ ವಿಷಯದಲ್ಲಿ ಎರಡು ಎಚ್ಚರ. ಮರಕ್ಕೆ ಗೆದ್ದಲು ಮತ್ತು ಕೊರೆಹುಳ. ತಳದಲ್ಲಿ ಹೊಸದಾಗಿ ಉದುರಿದ ಹಿಟ್ಟು ಕಂಡರೆ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೇರ್ಪಡಿಸಿ ತಜ್ಞರನ್ನು ಕೇಳಿ. ಚಿಪ್ಪು ಕೆರಾಟಿನ್ ಆದ್ದರಿಂದ ಉಣ್ಣೆ ತಿನ್ನುವ ನುಸಿಯ ಮರಿಗಳು ಅದನ್ನೂ ಮೇಯುತ್ತವೆ. ರೇಷ್ಮೆ ಸೀರೆ, ಶಾಲುಗಳ ಬೀರುವಿನಲ್ಲಿ ಇದನ್ನು ಇಡುವುದು ಬೇಡ. ಪೆಟ್ಟಿಗೆಗೆ ನೇರವಾಗಿ ಕೀಟನಾಶಕ ಸಿಂಪಡಿಸುವುದಂತೂ ಸಲ್ಲದು.

ಹೆಜ್ಜೆ 6: ದೂಳು ತೆಗೆಯುವುದು, ಅಷ್ಟೇ

ನಮ್ಮ ಮನೆಗಳಲ್ಲಿ ಹಿತ್ತಾಳೆ ಎಂದರೆ ಹುಣಸೆಹಣ್ಣು, ನಿಂಬೆಹಣ್ಣು, ಬೂದಿ. ದೇವರ ಸಾಮಾನಿಗೆ ಅದು ಸರಿ, ಏಕೆಂದರೆ ಅದು ಗಟ್ಟಿ ಲೋಹ, ತಿಕ್ಕಿ ತೊಳೆಯಬಹುದು. ಇಲ್ಲಿರುವುದು ಅಂಟಿನ ಮೇಲೆ ಕೂತ ತೆಳು ತಗಡು. ಹುಳಿನೀರು ಗರಗಸದ ಸೀಳುಗಳಿಂದ ಒಳಗಿಳಿದು ಅಂಟನ್ನು ಕರಗಿಸುತ್ತದೆ, ಕೆಳಗಿನ ಬಣ್ಣ ಕೆಡಿಸುತ್ತದೆ. ಅಂಗಡಿಯ ಪಾಲಿಶ್‌ಗಳಲ್ಲಿ ತೇಯುವ ಪುಡಿಯಿರುತ್ತದೆ, ಹಲವುಗಳಲ್ಲಿ ಅಮೋನಿಯಾ ಕೂಡ. ಪುಡಿ ಕೊರೆದ ಗೆರೆಗಳಲ್ಲಿ ಬಿಳಿಯಾಗಿ ಕೂತುಬಿಡುತ್ತದೆ, ಚಿಪ್ಪನ್ನು ಗೀರುತ್ತದೆ. ಮೂಲೆಗಳ ಅಲಂಕಾರಕ್ಕೆ ಹಚ್ಚಿದ ಎರಕದ ಲೋಹದ ಮೇಲೆ ಚಿನ್ನದ ಲೇಪವಿದ್ದರೆ ಒಂದೆರಡು ಸಲ ತಿಕ್ಕುವುದರಲ್ಲೇ ಅದು ಹೋಗುತ್ತದೆ. ತೆಂಗಿನೆಣ್ಣೆಯೂ ಬೇಡ, ಎಣ್ಣೆ ಸೀಳಿಗಿಳಿದು ದೂಳು ಹಿಡಿದುಕೊಳ್ಳುತ್ತದೆ, ಮುಂದೆ ಅಂಟು ಹಾಕಲು ಹೊರಟವರಿಗೆ ಅದೇ ದೊಡ್ಡ ತೊಡಕಾಗುತ್ತದೆ.

ಮಾಡಬೇಕಾದದ್ದು ಇಷ್ಟು. ಎದ್ದ ತುಣುಕು ಎಲ್ಲಿದೆ ಎಂಬುದು ನಿಮ್ಮ ಪಟದಲ್ಲಿದೆ, ಅದನ್ನು ಎದುರಿಗಿಡಿ. ಕುಂಚವನ್ನು ಬಳ್ಳಿಯ ಹರಿವಿನ ಉದ್ದಕ್ಕೆ, ಎದ್ದ ತುದಿಯ ಕಡೆಗಲ್ಲ, ಅದರಿಂದ ಹೊರಕ್ಕೆ ಆಡಿಸಿ. ದೂಳನ್ನು ವ್ಯಾಕ್ಯೂಮ್ ಕ್ಲೀನರಿನ ಕೊಳವೆಗೆ ಹಿಡಿಯಿರಿ. ಕೊಳವೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಶಕ್ತಿ ಕಡಿಮೆ ಇಟ್ಟು, ಪೆಟ್ಟಿಗೆಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಸಡಿಲ ತುಣುಕೇನಾದರೂ ಹಾರಿದರೆ ಬಟ್ಟೆಯಲ್ಲಿ ಸಿಗುತ್ತದೆ. ಎಲ್ಲವೂ ಗಟ್ಟಿಯಾಗಿ ಕೂತಿದ್ದರೆ ಮಾತ್ರ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಬಹುದು, ನೀರಿಲ್ಲದೆ.

ಹಿತ್ತಾಳೆ ಮಂಕಾಗಿದೆಯೇ? ಮಂಕಾಗಿರಲಿ. ಮಾಸಿದ ಹಿತ್ತಾಳೆ ಮತ್ತು ಆಳದ ಕೆಂಪು ಜೊತೆಯಾಗಿರುವುದು ನನ್ನ ಕಣ್ಣಿಗೆ ಹೊಸ ಹೊಳಪಿಗಿಂತ ಚೆಂದ, ಕೊರೆದ ಗೆರೆಗಳು ಓದಲು ಸಿಗುವುದೂ ಹಾಗಿದ್ದಾಗಲೇ.

ಹೆಜ್ಜೆ 7: ಹಿತ್ತಾಳೆ ಎದ್ದಿದ್ದರೆ

ಬೆರಳಿನಿಂದ ಒತ್ತಿ ಕೂರಿಸುವ ಆಸೆ ಬರುತ್ತದೆ. ಒತ್ತಬೇಡಿ. ಕೆಳಗೆ ಒಣಗಿದ ಅಂಟಿನ ಹರಳು, ದೂಳು ತುಂಬಿರುತ್ತದೆ, ಮರ ಕುಗ್ಗಿದ್ದರಿಂದ ಅದರ ಹಳೆಯ ಜಾಗವೂ ಕಿರಿದಾಗಿರುತ್ತದೆ. ಒತ್ತಿದಾಗ ತಗಡು ಮಡಿಚಿ ಗೆರೆ ಬೀಳುತ್ತದೆ, ಪಕ್ಕದ ಚಿಪ್ಪು ಚಿಟ್ಟನೆ ಒಡೆಯುತ್ತದೆ. ಫೆವಿಕಾಲ್, ಸೂಪರ್ ಗ್ಲೂ, ಎಪಾಕ್ಸಿ ಹಾಕಿ ಅಂಟಿಸುವುದು ಅದಕ್ಕಿಂತ ಕೆಟ್ಟದ್ದು. ಅವನ್ನು ಮುಂದೆ ಚಿಪ್ಪಿಗೆ ಹಾನಿಯಾಗದಂತೆ ತೆಗೆಯುವುದು ತಜ್ಞರಿಗೂ ಕಷ್ಟ. ಸೆಲ್ಲೋಟೇಪನ್ನೂ ಹಚ್ಚಬೇಡಿ.

ಪೆಟ್ಟಿಗೆಯನ್ನು ಬಳಕೆಯಿಂದ ತೆಗೆದು, ಯಾರ ಕೈಯೂ ತೋಳೂ ತಾಗದ ಕಡೆ, ಮೇಲೆ ಗಟ್ಟಿ ರಟ್ಟಿನ ಡಬ್ಬಿ ಬೋರಲು ಹಾಕಿ ಇಡಿ. ಕಳಚಿ ಬಿದ್ದ ತುಣುಕುಗಳನ್ನು, ಎಷ್ಟೇ ಸಣ್ಣವಾಗಿರಲಿ, ಸಣ್ಣ ಲಕೋಟೆಗಳಲ್ಲಿ ಹಾಕಿ ಎಲ್ಲಿಂದ ಬಿದ್ದದ್ದು ಎಂದು ಬರೆಯಿರಿ. ಮೂಲದ ಒಂದು ಅಂಗುಲ ಹಿತ್ತಾಳೆಗೆ ಹೊಸದಾಗಿ ಕೊಯ್ದ ಯಾವ ತುಂಡೂ ಸಮವಲ್ಲ.

ಹೆಜ್ಜೆ 8: ಸಂರಕ್ಷಕರ ಬಳಿ ಹೋಗುವಾಗ

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಲಖನೌದ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಇಂಥ ಕಡೆ ಮೊದಲು ಫೋಟೋಗಳೊಂದಿಗೆ ವಿಚಾರಿಸಿ; ಅವರು ತಾವೇ ಕೈಗೆತ್ತಿಕೊಳ್ಳದಿದ್ದರೂ ಯಾರನ್ನು ಕೇಳಬೇಕೆಂದು ಹೇಳಿಯಾರು.

ಕೆಲಸ ಹೇಗೆ ನಡೆಯಬೇಕೆಂದು ತಿಳಿದಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು. ಒಳ್ಳೆಯ ಸಂರಕ್ಷಕರು ಎದ್ದ ಭಾಗದ ಹಳೆಯ ಅಂಟನ್ನು ತುಸುವೇ ತೇವ ಮತ್ತು ಬಿಸಿಯಿಂದ ಸಡಿಲಿಸಿ ತೆಗೆಯುತ್ತಾರೆ. ಬಾಗಿದ ತಗಡನ್ನು ನಿಧಾನವಾಗಿ ಸಮ ಮಾಡುತ್ತಾರೆ. ಬೆನ್ನಿನ ಜಿಡ್ಡು ತೆಗೆದು, ಮೀನಿನ ಅಂಟಿನಂಥ ಮುಂದೆ ಮತ್ತೆ ಬಿಡಿಸಬಹುದಾದ ಅಂಟು ಹಾಕಿ, ಮೆತ್ತೆಯಿಟ್ಟು ಒತ್ತಡದಲ್ಲಿ ಒಣಗಲು ಬಿಡುತ್ತಾರೆ. ಕಳೆದ ಚಿಪ್ಪಿನ ಜಾಗಕ್ಕೆ ಬಣ್ಣ ಕೊಟ್ಟ ರಾಳ ಅಥವಾ ಬಣ್ಣ ಹಾಕಿದ ಕೊಂಬಿನ ಹಾಳೆ ಕೂರಿಸುತ್ತಾರೆ, ಕೆಳಗಿನ ಕೆಂಪನ್ನೂ ಹೊಂದಿಸುತ್ತಾರೆ.

ಆದ್ದರಿಂದ ಕೇಳಿ: ಯಾವ ಅಂಟು, ಅದನ್ನು ಮುಂದೆ ತೆಗೆಯಬಹುದೇ? ಚಿಪ್ಪಿಗೆ ಬದಲು ಏನು ಹಾಕುತ್ತೀರಿ? ಮೇಲ್ಮೈಯನ್ನು ಮರಳುಕಾಗದದಿಂದ ಉಜ್ಜುತ್ತೀರಾ? ಈ ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಪೆಟ್ಟಿಗೆಯನ್ನು ವಾಪಸ್ ತನ್ನಿ. ನಮ್ಮ ಇನ್ಲೇ ಕುಶಲಕರ್ಮಿಗಳ ಕೈಚಳಕದ ಮೇಲೆ ನನಗೆ ಬಹಳ ಗೌರವವಿದೆ, ಕಳೆದುಹೋದ ಹಿತ್ತಾಳೆಯ ಬಳ್ಳಿಯೊಂದನ್ನು ಅಳತೆಗೆ ಸರಿಯಾಗಿ ಕೊಯ್ದುಕೊಡಲು ಅವರಂಥವರು ಬೇಕು. ಆದರೆ ಕೂರಿಸಿದ ಮೇಲೆ ಇಡೀ ಮೈಯನ್ನು ಉಜ್ಜಿ ಸಮ ಮಾಡುವುದು ಅವರ ಕೆಲಸದ ಸಹಜ ಕ್ರಮ. ಬೂಲ್ ಮುಚ್ಚಳದಲ್ಲಿ ಹಾಗೆ ಮಾಡಿದರೆ ಉಳಿದ ಗೆರೆಗಳೂ ಹೋಗುತ್ತವೆ. ತುಂಡು ಕೊಯ್ಯಿಸಿಕೊಂಡು, ಕೂರಿಸುವ ಕೆಲಸವನ್ನು ಸಂರಕ್ಷಕರಿಗೆ ಬಿಡಿ.

ಕೆಲಸ ಮುಗಿದ ಮೇಲೆ ಏನು ಮಾಡಿದರು, ಯಾವ ವಸ್ತು ಬಳಸಿದರು ಎಂಬ ಲಿಖಿತ ವರದಿಯನ್ನು ಮೊದಲಿನ ಮತ್ತು ನಂತರದ ಫೋಟೋಗಳೊಂದಿಗೆ ಪಡೆದು ರಸೀದಿಯ ಜೊತೆ ಇಡಿ. ಮುಂದೆ ಗಡಿ ದಾಟಿಸುವ ಸಂದರ್ಭ ಬಂದರೆ ದುರಸ್ತಿಗೆ ಹೊಸ ಚಿಪ್ಪು ಬಳಸಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಸಾಗಿಸುವಾಗ

ಬೀಗದ ಕೈ ತೆಗೆದು ಬೇರೆ ಲಕೋಟೆಯಲ್ಲಿ ಹಾಕಿ, ಒಳಗಿನ ಸೀಸೆ, ಲೋಟ, ತಟ್ಟೆಗಳನ್ನು ಹೊರತೆಗೆದು ಬೇರೆಬೇರೆಯಾಗಿ ಸುತ್ತಿ. ಮುಚ್ಚಳ ಅಲುಗಾಡದಂತೆ ಅಗಲವಾದ ಹತ್ತಿ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಗಂಟು ತಳದ ಕಡೆಗಿರಲಿ, ಎದ್ದ ಹಿತ್ತಾಳೆಯ ಮೇಲೆ ಪಟ್ಟಿ ಹಾಯದಿರಲಿ. ಗುಳ್ಳೆಯ ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ಒಳಗೆ ತೇವ ಕಟ್ಟಿ ಗುಳ್ಳೆಯ ಗುರುತು ಮೂಡಬಹುದು; ಮೊದಲು ಆಮ್ಲರಹಿತ ಕಾಗದ ಸುತ್ತಿ, ಅದರ ಹೊರಗೆ ಮೆತ್ತೆ ಹಾಕಿ, ಎರಡು ಪೆಟ್ಟಿಗೆಗಳಲ್ಲಿ ಒಂದರೊಳಗೊಂದು ಇಡಿ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ತಲುಪಿದ ಕೂಡಲೇ ಬಿಚ್ಚದೆ ಒಂದು ದಿನ ಹಾಗೆಯೇ ಇಟ್ಟು, ಹೊಸ ಕೋಣೆಯ ಹವೆಗೆ ಹೊಂದಿಕೊಂಡ ಮೇಲೆ ತೆರೆದು, ಟಾರ್ಚ್ ಹಿಡಿದು ಹಳೆಯ ಪಟದೊಂದಿಗೆ ಹೋಲಿಸಿ ನೋಡಿ.